ನಿಮಗೆ ಕೇಳಿಸಿದ ಶಬ್ದ

ಸಾಗರ,
ಭಾನುವಾರ ಮಧ್ಯಾಹ್ನ

ಗೌರವಾನ್ವಿತ ಮನೋರಮಾ ಅಮ್ಮನವರಿಗೆ,

ಸಾಗರದ ಕಾರ್ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂರುವ ಪೂರ್ಣೇಶ್ ಮಾಡುವ ನಮಸ್ಕಾರಗಳು. ನಿಮ್ಮನ್ನು ನಾನು ಯಾವತ್ತೂ ಮೇಡಂ ಎಂದೇ ಕರೆದದ್ದು. ಈಗ ಆ ಪದ ಬರೆಯಲು ಹೋದರೆ ಕೌಂಟರಿನ ಮಾತೇ ಮತ್ತೆ ಬಾಯಿಗೆ ಬರುತ್ತದೆ, ಆ ಮಾತುಗಳ ಮೇಲೆ ನನಗೀಗ ನಂಬಿಕೆ ಇಲ್ಲ. ಅದಕ್ಕೇ ಅಮ್ಮ ಎಂದು ಬರೆಯುತ್ತಿದ್ದೇನೆ. ನೀವಾದರೋ ಮೊದಲ ದಿನವೇ ನನ್ನನ್ನು ಸ್ವಂತ ತಮ್ಮನ ಹಾಗೆ ತಮಾ ಎಂದು ಕರೆದಿದ್ದಿರಿ.

ಆರು ವರ್ಷದಿಂದ ನಾನು ಬರೆದಿರುವುದೆಲ್ಲ ಜಾಬ್ ಕಾರ್ಡುಗಳೇ. ಗಾಡಿಯ ನಂಬರು, ಓಡಿದ ಕಿಲೋಮೀಟರು, ಗ್ರಾಹಕರ ದೂರು, ಮಾಡಿದ ಕೆಲಸ, ಅಷ್ಟೇ. ಇಷ್ಟು ಉದ್ದದ ಕಾಗದ ಬರೆದು ಅಭ್ಯಾಸವಿಲ್ಲ. ಹಿಂದುಮುಂದಾದರೆ ಕ್ಷಮಿಸಬೇಕು. ಎಲ್ಲಿಂದ ಶುರು ಮಾಡುವುದೆಂದೇ ಎರಡು ಭಾನುವಾರಗಳಿಂದ ಗೊತ್ತಾಗುತ್ತಿರಲಿಲ್ಲ.

ನೀವು ಮೊದಲು ಬಂದದ್ದು ಕಳೆದ ವರ್ಷ ಗಣಪತಿ ಹಬ್ಬ ಮುಗಿದ ವಾರ. ಬಿಳಿ ಕಾರನ್ನು ನೀವೇ ಓಡಿಸಿಕೊಂಡು ಬಂದು, ಗೇಟಿನ ಹತ್ತಿರ ನಿಲ್ಲಿಸಿ, ಒಳಗೆ ತರಬಹುದೋ ಎಂದು ವಾಚ್‌ಮನ್‌ನನ್ನು ಕೇಳುತ್ತಿದ್ದಿರಿ. ಐವತ್ತೆರಡನೇ ವಯಸ್ಸಿನಲ್ಲಿ ಹೊಸನಗರದಲ್ಲಿ ಡ್ರೈವಿಂಗ್ ಕಲಿತೆ ಎಂದು ನೀವಾಗಿಯೇ ಹೇಳಿದಿರಿ. ಕಾರ್ಗಲ್‌ನಲ್ಲಿ ಅಕ್ಕ ಇದ್ದಾರೆ, ಮಂಡಿ ನೋವಿಗೆ ಅವರಿಗೆ ಬಸ್ಸು ಹತ್ತಲಾಗುವುದಿಲ್ಲ, ತಿಂಗಳಿಗೆರಡು ಸಲ ನಿಟ್ಟೂರಿನಿಂದ ಹೊರಟು ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಾಗರಕ್ಕೆ ತರುತ್ತೇನೆ, ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ, ಇಬ್ಬರೂ ಮಸಾಲೆ ದೋಸೆ ತಿಂದು ಹೋಗುತ್ತೇವೆ ಎಂದಿರಿ. ದೋಸೆಯ ವಿಷಯ ಹೇಳುವಾಗ ನಿಮಗೆ ನಗು ಬಂತು. ನಾನು ಕಂಪ್ಯೂಟರ್ ನೋಡುತ್ತಾ ತಲೆಯಾಡಿಸಿದೆ. ಹನ್ನೊಂದು ಗಂಟೆಯೊಳಗೆ ಹದಿನಾಲ್ಕು ಗಾಡಿ ಒಳಗೆ ತೆಗೆದುಕೊಳ್ಳಬೇಕಿತ್ತು.

ದೂರು ಏನು ಎಂದು ಕೇಳಿದಾಗ ನೀವು ಸ್ವಲ್ಪ ಯೋಚಿಸಿ ಹೇಳಿದಿರಿ. "ದೂರದ ಮನೇಲಿ ಯಾರೋ ಅಕ್ಕಿ ಬೀಸ್ತಾ ಇದ್ದ ಹಾಗೆ ಕೇಳತ್ತೆ ತಮಾ. ಯಾವಾಗ್ಲೂ ಅಲ್ಲ. ಒಂದೊಂದು ತಿರುವಿನಲ್ಲಿ."

ಗ್ರಾಹಕರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ನಾನು "ಶಬ್ದ" ಎಂದು ಒಂದೇ ಪದ ಹಾಕಿದೆ. ಟೆಸ್ಟ್ ಡ್ರೈವ್‌ಗೆ ಊರ ಹೊರಗಿನ ನೇರ ರಸ್ತೆಯಲ್ಲಿ ಎರಡು ಕಿಲೋಮೀಟರು ಹೋಗಿ ಬಂದೆ. ಎಸಿ ಹಾಕಿತ್ತು. ಏನೂ ಕೇಳಲಿಲ್ಲ. ಕಾರ್ಡಿನ ಮೇಲೆ "ಶಬ್ದ ಕಂಡುಬಂದಿಲ್ಲ" ಎಂದು ಬರೆದು, ಗಾಡಿ ತೊಳೆಸಿ ಕೊಟ್ಟೆ.

ದೀಪಾವಳಿಗೆ ಮೊದಲು ಎರಡನೇ ಸಲ ಬಂದಿರಿ. ಆ ಸಲ ನಿಮ್ಮ ಯಜಮಾನರು ಹರಿಪ್ರಸಾದ್ ಅವರೂ ಜೊತೆಗಿದ್ದರು. ನಾನು ಓಡಿಸಿದೆ, ಅವರು ಪಕ್ಕದಲ್ಲಿ, ನೀವು ಹಿಂದೆ. ಮೂವತ್ತು ವರ್ಷದಿಂದ ಜೀಪು, ಕಾರು ಎಲ್ಲ ಓಡಿಸಿದ್ದೇನೆ ಎಂದು ಅವರು ಹೊರಟಾಗಲೇ ಹೇಳಿದ್ದರು. ಒಂದು ತಿರುವು ಬಂತು. ನೀವು ಹಿಂದಿನಿಂದ "ಈಗ, ಈಗ" ಎಂದಿರಿ. ಅವರು ತಿರುಗಿಯೂ ನೋಡದೆ "ಎಂತ ಶಬ್ದನೂ ಇಲ್ಲೆ ಮಾರಾಯ್ತಿ, ನಿಂಗೆ ಹೆದ್ರಿಕೆ ಅಷ್ಟೇ" ಎಂದರು. "ಇದ್ದು. ಯಂಗೆ ಕೇಳ್ತು" ಎಂದಿರಿ ನೀವು, ಇದೆ, ನನಗೆ ಕೇಳುತ್ತದೆ ಎಂದು ನಿಮ್ಮ ಮನೆಮಾತಿನಲ್ಲಿ.

ಆಮೇಲೆ ಇಬ್ಬರೂ ನನ್ನ ಮುಖ ನೋಡಿದಿರಿ.

ಅಮ್ಮ, ಆ ತಿರುವಿನಲ್ಲಿ ನನಗೆ ಏನಾದರೂ ಕೇಳಿಸಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಎಷ್ಟೋ ಸಲ ನೆನಪು ಮಾಡಿಕೊಂಡಿದ್ದೇನೆ. ಒಮ್ಮೆ ಕೇಳಿಸಿತ್ತು ಅನ್ನಿಸುತ್ತದೆ, ಇನ್ನೊಮ್ಮೆ ಈಗ ಗೊತ್ತಾದ ಮೇಲೆ ನಾನೇ ಕಟ್ಟಿಕೊಳ್ಳುತ್ತಿದ್ದೇನೆ ಅನ್ನಿಸುತ್ತದೆ. ಬಾಯಿಂದ ಬಂದ ಮಾತು ಮಾತ್ರ ಸ್ಪಷ್ಟವಾಗಿ ನೆನಪಿದೆ. "ಹೊಸದಾಗಿ ಕಲಿತೋರಿಗೆ ಎಲ್ಲಾ ಶಬ್ದನೂ ಜೋರಾಗೇ ಕೇಳತ್ತೆ ಮೇಡಂ. ಓಡಿಸ್ತಾ ಓಡಿಸ್ತಾ ಸರಿಹೋಗತ್ತೆ." ನಾನು ಎಷ್ಟು ಜನರಿಗೆ ಹೇಳಿದ್ದೆನೋ ಈ ಮಾತನ್ನು. ಯಜಮಾನರು ಜೋರಾಗಿ ನಕ್ಕರು. ನೀವೂ ನಕ್ಕಿರಿ. ಕನ್ನಡಿಯಲ್ಲಿ ನಿಮ್ಮ ನಗು ನೋಡಿ ಸದ್ಯ, ವಿಷಯ ಮುಗಿಯಿತು ಎಂದುಕೊಂಡೆ.

ಮೂರನೇ ಸಲ ಡಿಸೆಂಬರಿನಲ್ಲಿ ಒಬ್ಬರೇ ಬಂದಿರಿ. ನಾವು ಬಾಗಿಲು ತೆರೆಯುವ ಮೊದಲೇ ಹೊರಗೆ ನಿಂತಿದ್ದಿರಿ, ಸೆರಗು ಹೊದ್ದುಕೊಂಡು. "ನಿಟ್ಟೂರ್ ದಾರೀಲಿ ಒಂದು ತಿರುವು ಇದೆ ತಮಾ. ಅಲ್ಲಿ ಖಂಡಿತ ಬರತ್ತೆ. ನಾನೇ ಓಡಿಸ್ತೀನಿ, ನೀನು ಸುಮ್ನೆ ಕೂತ್ಕೊಂಡು ಕೇಳು. ಊಟದ ಹೊತ್ತಿಗೆ ವಾಪಸ್ ಬಿಡ್ತೀನಿ" ಎಂದಿರಿ. ಟೆಸ್ಟ್ ಡ್ರೈವ್ ಐದು ಕಿಲೋಮೀಟರು ಮೀರುವ ಹಾಗಿಲ್ಲ, ನಮ್ಮಲ್ಲಿ ರೂಲ್ಸ್ ಇದೆ ಎಂದೆ. ರೂಲ್ಸ್ ಇರುವುದು ನಿಜವೇ. ಮ್ಯಾನೇಜರರನ್ನು ಕೇಳಿದ್ದರೆ ಒಪ್ಪುತ್ತಿದ್ದರು ಎನ್ನುವುದೂ ನಿಜ. ಕೇಳಲಿಲ್ಲ. ನೀವು "ಸರಿ" ಎಂದು ಹೋಗಿ ಸೋಫಾದ ಮೇಲೆ ಕೂತಿರಿ.

ಒಳಗೆ ಹುಡುಗರು ನಟ್ಟು ಬೋಲ್ಟು ಬಿಗಿ ಮಾಡಿ, ಗ್ರೀಸ್ ಹಚ್ಚಿ, ತೊಳೆದು ಹೊರಗೆ ತಂದರು. ನಾನು ಕಾಗದ ಮುಂದಿಟ್ಟು, ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ. "ಈಗ ಶಬ್ದ ಇಲ್ಲ ಅಲ್ವಾ ಮೇಡಂ?"

"ಇಲ್ಲ ತಮಾ. ಹೋಯ್ತು" ಎಂದಿರಿ. ಸಹಿ ಹಾಕಿದಿರಿ. ನಾನು ಕೀ ಕೊಟ್ಟೆ.

ಇದೇ ನನಗೆ ಅರ್ಥವಾಗದೆ ಉಳಿದಿರುವುದು. ಆಗ ನೀವು ಗಾಡಿಯನ್ನು ಇನ್ನೂ ಹತ್ತಿಯೇ ಇರಲಿಲ್ಲ. ಕೀ ನನ್ನ ಕೈಯಲ್ಲಿತ್ತು. ಓಡಿಸದೆ ಶಬ್ದ ಹೋಯಿತೆಂದು ಹೇಗೆ ಹೇಳಿದಿರಿ? ನನಗಾಗಲೀ ಪಕ್ಕದ ಕೌಂಟರಿನವರಿಗಾಗಲೀ ಇದು ಹೊಳೆಯಲೇ ಇಲ್ಲ. ಎರಡು ದಿನ ಬಿಟ್ಟು ನಮ್ಮ ರಕ್ಷಾ, ಗ್ರಾಹಕರಿಗೆಲ್ಲ ಫೋನ್ ಮಾಡಿ ಅಂಕ ಕೇಳುವ ಹುಡುಗಿ, ಬಂದು ಹೇಳಿದಳು. "ಪೂರ್ಣೇಶಣ್ಣ, ನಿಟ್ಟೂರಿನ ಮೇಡಂ ತಾವೇ ಫೋನಿಗೆ ಬಂದು ಹತ್ತಕ್ಕೆ ಹತ್ತು ಕೊಟ್ಟಿದಾರೆ. ಹುಡುಗ ಚೆನ್ನಾಗಿ ಮಾತಾಡಿಸ್ತಾನೆ ಅಂದ್ರು." ಆ ತಿಂಗಳು ನಮ್ಮ ಬ್ರಾಂಚಿನಲ್ಲಿ ನನ್ನದೇ ಮೊದಲ ಸ್ಥಾನ. ಕೇಕ್ ಕತ್ತರಿಸಿದರು. ನಾನೂ ತಿಂದೆ.

ಫೆಬ್ರವರಿಯಲ್ಲಿ ನಿಮ್ಮ ಯಜಮಾನರು ಆ ಕಾರನ್ನು ನಮ್ಮಲ್ಲೇ ಮಾರಲು ತಂದರು. ಕಾಗದಗಳ ಮೇಲೆಲ್ಲ ನಿಮ್ಮ ಸಹಿ ಇತ್ತು, ನೀವು ಬಂದಿರಲಿಲ್ಲ. "ಅವ್ಳು ಈಗ ಓಡ್ಸೂದಿಲ್ಲ ಮಾರಾಯ್ರೆ. ಹೆದ್ರಿಕೆಯಂತೆ. ಸುಮ್ನೆ ನಿಲ್ಸಿ ಎಂತ ಮಾಡೂದು" ಎಂದರು. ನೀವು ಹೇಳಿದ್ದ ಶಬ್ದ ಒಂದು ಕ್ಷಣ ನೆನಪಾಯಿತು. ಆಮೇಲೆ ಫೋನ್ ಬಂತು, ಮರೆತೆ.

ಕಾರು ತೀರ್ಥಹಳ್ಳಿಯವರೊಬ್ಬರಿಗೆ ಮಾರಾಟವಾಯಿತು. ನನ್ನ ಊರೂ ಅದೇ ಆದ್ದರಿಂದ ಶನಿವಾರ ಗಾಡಿ ಮುಟ್ಟಿಸಿ ಹಾಗೇ ಮನೆಗೆ ಹೋಗು ಎಂದರು ಮ್ಯಾನೇಜರ್. ಹೊಸನಗರ ದಾಟಿ ತೀರ್ಥಹಳ್ಳಿ ದಾರಿ ಹಿಡಿದ ಮೇಲೆ ಚಳಿ ಎನಿಸಿ ಎಸಿ ಆರಿಸಿದೆ. ನೆಟ್‌ವರ್ಕ್ ಇಲ್ಲದೆ ಫೋನಿನ ಹಾಡೂ ನಿಂತಿತ್ತು. ಬಲಕ್ಕೆ ಒಂದು ದೊಡ್ಡ ತಿರುವು. ಕೇಳಿತು.

ಬೀಸುಕಲ್ಲೇ ಅಮ್ಮ. ನಮ್ಮಜ್ಜಿ ಬೀಸುತ್ತಿದ್ದದ್ದು ನನಗೆ ಚೆನ್ನಾಗಿ ಗೊತ್ತು. ತಿರುವು ಮುಗಿದು ರಸ್ತೆ ನೇರವಾದ ಕೂಡಲೇ ನಿಂತುಹೋಯಿತು. ಗಾಡಿ ತಿರುಗಿಸಿಕೊಂಡು ಹಿಂದೆ ಹೋಗಿ ಮತ್ತೆ ಬಂದೆ. ಮತ್ತೆ ಕೇಳಿತು. ನಾಲ್ಕು ಸಲ ಹಾಗೆ ಮಾಡಿದೆ. ಬಲಕ್ಕೆ ತಿರುಗಿದರೆ ಬರುತ್ತದೆ, ಎಡಕ್ಕೆ ತಿರುಗಿದರೆ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಬೈಕಿನವನೊಬ್ಬ ನಿಲ್ಲಿಸಿ, "ಎಂತ ಕಳ್ಕೊಂಡ್ರಿ?" ಎಂದು ಕೇಳಿದ.

ತೀರ್ಥಹಳ್ಳಿಗೆ ಹೋಗಲಿಲ್ಲ. ವಾಪಸ್ ಸಾಗರಕ್ಕೆ ತಂದು ನಮ್ಮ ಹಿರಿಯ ಮೆಕ್ಯಾನಿಕ್ ತಿಮ್ಮಣ್ಣನವರಿಗೆ ಹೇಳಿದೆ. ಅವರು ಗಾಡಿ ಮೇಲೆತ್ತಿಸಿ, ಒಂದೊಂದೇ ಚಕ್ರ ಕೈಯಿಂದ ತಿರುಗಿಸಿ, ಒಂದರ ಹತ್ತಿರ ನಿಂತರು. ಚಕ್ರದ ಬೇರಿಂಗ್ ಸವೆದುಹೋಗಿತ್ತು. "ಹೀಗೇ ಓಡಿಸಿದ್ರೆ ಒಂದಿನ ಚಕ್ರನೇ ಅಲ್ಲಾಡಕ್ಕೆ ಹಿಡೀತಿತ್ತು" ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಆ ಅಮ್ಮ ಮೂರ್ ಸಲ ಬಂದು ಹೇಳಿದ್ದು ಇದೇ ಅಲ್ವೇನೋ?" ಎಂದರು. ಬೇರಿಂಗ್ ಬದಲಾಯಿಸಲು ಒಂದೂವರೆ ಗಂಟೆ ಹಿಡಿಯಿತು.

ಮ್ಯಾನೇಜರ್ ಹೇಳಿದರು, ಮಾರಿಹೋದ ಗಾಡಿ, ರಿಪೇರಿಯೂ ಆಯಿತು, ಹಳೇ ಮಾಲೀಕರಿಗೆ ಹೇಳಿ ಗಲಾಟೆ ಯಾಕೆ ಎಂದು. ಅದೂ ಸರಿ ಅನ್ನಿಸಿತು. ಎರಡು ವಾರ ಸುಮ್ಮನಿದ್ದೆ. ಆದರೆ ಕೌಂಟರಿಗೆ ಯಾರು ಬಂದು ಶಬ್ದ ಎಂದರೂ ನನಗೆ ಪೆನ್ನು ಓಡುತ್ತಿರಲಿಲ್ಲ. ಕೊನೆಗೆ ಫೋನ್ ಮಾಡಿದೆ. ಕಾರು ನಿಮ್ಮ ಹೆಸರಿನಲ್ಲಿದ್ದರೂ ನಮ್ಮಲ್ಲಿರುವ ನಂಬರು ನಿಮ್ಮ ಯಜಮಾನರದು. ಅವರೇ ಎತ್ತಿದರು. ಮೂರು ಸಲ "ಎಂತ? ಜೋರಾಗಿ ಹೇಳಿ" ಎಂದರು. ವಿಷಯ ತಿಳಿದ ಮೇಲೆ, "ನಂಗೆ ಕೇಳ್ಲೇ ಇಲ್ಲ ಮಾರಾಯ" ಎಂದು ಇಟ್ಟುಬಿಟ್ಟರು.

ಹತ್ತು ನಿಮಿಷಕ್ಕೆ ಗೊತ್ತಿಲ್ಲದ ನಂಬರಿನಿಂದ ಕರೆ. ನೀವು.

"ತಮಾ, ಯಾವ ಚಕ್ರ?"

"ಮುಂದಿಂದು ಅಮ್ಮ. ಎಡಗಡೆದು."

"ಹ್ಮ್. ನಾನೂ ಎಡಗಡೆ ಅಂತ್ಲೇ ಅಂದ್ಕೊಂಡಿದ್ದೆ."

ಅಷ್ಟೇ. ಇಟ್ಟಿರಿ. ನಿಮಗೆ ಸಿಟ್ಟು ಬಂದಿತ್ತೋ, ಸಮಾಧಾನವಾಯಿತೋ, ಅಳು ಬಂದಿತ್ತೋ, ದನಿಯಿಂದ ಏನೂ ತಿಳಿಯಲಿಲ್ಲ. ನೀವು ಮೂರು ಸಲ ಬಂದಿರಿ, ಯಾವ ಕಡೆಯಿಂದ ಬರುತ್ತದೆ ಎಂದು ನಾನು ನಿಮ್ಮನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಅವತ್ತೇ ಹೇಳುತ್ತಿದ್ದಿರಿ. ನಿಮಗೆ ಗೊತ್ತಿತ್ತು.

ಮೊನ್ನೆ ಶುಕ್ರವಾರ ಹರಿಪ್ರಸಾದ್ ಅವರು ಬಸ್ಸಿನಲ್ಲಿ ಸಾಗರಕ್ಕೆ ಬಂದಿದ್ದರು. ಕೌಂಟರಿನ ಮುಂದೆ ಕೂತು, ಕೊಟ್ಟ ಕಾಫಿ ಕುಡಿಯದೆ, ಒಂದು ಚೀಟಿ ತೆಗೆದು ನನ್ನ ಮುಂದಿಟ್ಟರು. ಶಿವಮೊಗ್ಗದ ಕಿವಿ ಡಾಕ್ಟರ ಚೀಟಿ. "ಸಣ್ಣ ಶಬ್ದ, ಮಂದ ಶಬ್ದ ಯಾವ್ದೂ ಕೇಳೂದಿಲ್ಲಂತೆ. ಶುರುವಾಗಿ ಎರಡು ವರ್ಷನೇ ಆಗಿರ್ಬೇಕು ಅಂದ್ರು. ಮನೇಲಿ ಹೇಳಿಲ್ಲ. ಹೇಳೂಕೆ ಬಾಯಿ ಬರೂದಿಲ್ಲ. ಅವ್ಳು ನನ್ ಹತ್ರ ಸರಿಯಾಗಿ ಮಾತಾಡ್ದೆ ತಿಂಗ್ಳಾತು. ನೀವೊಂದು ಕಾಗ್ದ ಬರೀರಿ." ಮತ್ತೆ ಅಂಗಳದಲ್ಲಿ ನಿಲ್ಲಿಸಿದ್ದ ಸೆಕೆಂಡ್ ಹ್ಯಾಂಡ್ ಗಾಡಿಗಳ ಕಡೆ ನೋಡಿ ಹೇಳಿದರು. "ಒಂದು ಸಣ್ಣ ಗಾಡಿ ಬೇಕು. ನಾ ನೋಡಿ ಎಂತ ಪ್ರಯೋಜನ? ಅವ್ಳೇ ಓಡ್ಸಿ, ಅವ್ಳೇ ಕೇಳಿ ಆರಿಸ್ಕೊಳ್ಲಿ."

ಹೀಗೆ ಅವರ ಮಾತನ್ನು ನಿಮಗೆ ಮುಟ್ಟಿಸಿದ್ದೇನೆ. ಅವರು ಹೇಳಿದರು ಎಂದು ಬರೆದೆನೋ, ನನಗೇ ಬರೆಯಬೇಕಿತ್ತೋ, ಬಿಡಿಸಿ ಹೇಳಲು ಬರುತ್ತಿಲ್ಲ. ಅವರಿಗಾದರೆ ಕಿವಿಯ ತೊಂದರೆ, ಡಾಕ್ಟರೇ ಬರೆದುಕೊಟ್ಟಿದ್ದಾರೆ. ನನ್ನ ಕಿವಿಗಳು ಚೆನ್ನಾಗಿವೆ ಅಮ್ಮ. ನನಗೆ ಏನಾಗಿತ್ತು? ಯಾವ ಡಾಕ್ಟರಿಗೆ ತೋರಿಸಿದರೆ ಗೊತ್ತಾಗುತ್ತದೆ?

ಬನ್ನಿ ಎಂದು ಒತ್ತಾಯ ಮಾಡುವ ಮುಖ ನನಗಿಲ್ಲ. ಓಡಿಸುವ ಮನಸ್ಸೇ ಹೋಗಿದ್ದರೆ ಅದೂ ನಿಮ್ಮದೇ ತೀರ್ಮಾನ, ಯಾಕೆಂದು ಯಾರೂ ಕೇಳಬಾರದು. ಬರುವುದಾದರೆ ಮೂರು ಗಾಡಿ ಇವೆ. ಯಾವುದು ಒಳ್ಳೆಯದೆಂದು ನಾನು ಹೇಳುವುದಿಲ್ಲ. ಕೀ ನಿಮ್ಮ ಕೈಗೆ ಕೊಡುತ್ತೇನೆ. ಐದು ಕಿಲೋಮೀಟರಿನ ರೂಲ್ಸ್ ಬಗ್ಗೆ ಮ್ಯಾನೇಜರರ ಹತ್ತಿರ ಮಾತಾಡಿದ್ದೇನೆ, ನಿಮಗೆ ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ ಓಡಿಸಿ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಏನಾದರೂ ಕೇಳಿಸಿದರೆ ಹೇಳಿ, ನೀವು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುತ್ತೇನೆ.

ಕಾರ್ಗಲ್‌ನ ಅಕ್ಕನವರ ಆರೋಗ್ಯ ಸುಧಾರಿಸಲಿ. ನಿಮ್ಮ ಮನೆಯಲ್ಲಿ ಮಾತು ಮತ್ತೆ ಶುರುವಾಗಲಿ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅದು ಹೋಯಿತೆಂದು ನನ್ನ ಸಮಾಧಾನಕ್ಕೆ ಮಾತ್ರ ಹೇಳಬೇಡಿ.

ನಿಮ್ಮ ಮಾತಿಗೆ ಕಾದಿರುವ,
ಪೂರ್ಣೇಶ್