ಡೆನ್ಮಾರ್ಕಿನ ಮನೆ

ದೊಡ್ಡಬಳ್ಳಾಪುರ

ಪ್ರೀತಿಯ ಅಕ್ಕನಿಗೆ,

ಹೊರದೇಶದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಎರಡು ಮನೆಯವರು ನನ್ನನ್ನು ಒಪ್ಪಿದ್ದಾರೆ. ಜರ್ಮನಿಯ ಮನೆಯಲ್ಲಿ ಕೂಸಿದೆ, ಡೆನ್ಮಾರ್ಕಿನಲ್ಲಿ ಶಾಲೆಗೆ ಹೋಗುವ ಹುಡುಗರು. ಅಮ್ಮ, "ಕೂಸಿರೋ ಮನೆಗೇ ಹೋಗೇ, ನಿನ್ ಕೈಗೆ ಅಭ್ಯಾಸ ಐತೆ" ಅಂದಳು.

ನಿನ್ನ ಪುಟ್ಟನನ್ನು ಮಗ್ಗದ ಪಕ್ಕ ಜೋಲಿಯಲ್ಲಿ ಮಲಗಿಸುತ್ತಿದ್ದೆ. ಸದ್ದು ನಿಂತರೆ ಏಳುತ್ತಿದ್ದ. ಅವನು ತೀರಿಕೊಂಡು ವರ್ಷವಾಗುತ್ತಾ ಬಂದರೂ, ಕರೆಂಟ್ ಹೋಗಿ ಮಗ್ಗ ನಿಂತಾಗ ನಾನೂ ಅಮ್ಮನೂ ಜೋಲಿ ಇದ್ದ ಕಡೆಗೇ ತಿರುಗುತ್ತೇವೆ.

ನಾನು ನೋಡಿಕೊಂಡ ಮಗುವಿನ ತಾಯಿಯೊಂದಿಗೆ ಜರ್ಮನಿಯವರು ಫೋನಿನಲ್ಲಿ ಮಾತಾಡಬೇಕಂತೆ. ಡೆನ್ಮಾರ್ಕಿನವರಿಗೆ, ನಾನು ಟ್ಯೂಷನ್ ಹೇಳಿದ ಹುಡುಗರ ಅಪ್ಪ ಮಾತಾಡಿದರೆ ಸಾಕಂತೆ. ಡೆನ್ಮಾರ್ಕಿಗೇ ಒಪ್ಪಿದ್ದೇನೆ.

ನಿನ್ನ ದಪ್ಪ ಸ್ವೆಟರ್ ಭಾವನ ಕೈಲಿ ಕಳಿಸು. ಹೊರದೇಶದ ನಂಬರಿನಿಂದ ಫೋನ್ ಬಂದರೆ ಅದು ನಾನೇ. ಹೆದರದೆ ಎತ್ತು.

ನಿನ್ನ ತಂಗಿ,
ರೂಪಶ್ರೀ