ಮುನ್ನೂರ ಎಂಬತ್ತರ ಚಾಕು

ಮನಿಯಾಗೊ
ಇಟಲಿ, 17 ಅಕ್ಟೋಬರ್ 2018

ಪ್ರೀತಿಯ ಅರ್ಮಿದಾ,

ನಿನ್ನ ಆಗಸ್ಟ್ ತಿಂಗಳ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲೇ ಬೈದುಬಿಡು, ಆಮೇಲೆ ಓದು. ಬಲಗೈ ಹೆಬ್ಬೆರಳು ಮತ್ತೆ ಊದಿಕೊಂಡು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಕಳೆದ ಹತ್ತು ದಿನಗಳಿಂದ ಬರೆಯಲು ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಡುತ್ತಿದ್ದೆ. ನಿನ್ನ ಕಿವಿಯ ಹೊಸ ಯಂತ್ರ ಹೊಂದಿಕೊಂಡಿತೇ? ಗೊರಿಜಿಯಾದ ಚಳಿ ಹೇಗಿದೆ? ನಿನ್ನ ತಂಗಿ ಈಗಲೂ ಮೆಕ್ಕೆಜೋಳದ ಪೊಲೆಂತಾವನ್ನು ಗಂಜಿಯ ಹಾಗೆ ನೀರಾಗಿ ಮಾಡುತ್ತಾಳೆಯೇ?

ನಾನು ಇಪ್ಪತ್ತೆಂಟು ಸೆಂಟಿಮೀಟರಿನ ಚಾಕುವೊಂದನ್ನು ಹುಡುಕುತ್ತಿದ್ದುದು ನಿನಗೆ ಗೊತ್ತು. ಗುಂಡಿ ಒತ್ತಿದರೆ ಪಕ್ಕದಿಂದ ಚಿಮ್ಮುವಂಥದ್ದು, ಕೊಂಬಿನ ಹಿಡಿಯದ್ದು. ನನ್ನ ಸಂಗ್ರಹದ ಪೆಟ್ಟಿಗೆಯಲ್ಲಿ ಅದೊಂದರ ಜಾಗ ಖಾಲಿ ಇತ್ತು. ಕೊಳ್ಳುವ ಪೊಲೀಸ್ ಪರವಾನಗಿ ಸಿಗಲು ಐದು ವಾರ ಬೇಕಾಯಿತು. ಠಾಣೆಯಲ್ಲಿದ್ದವನು ನನ್ನ ಅರ್ಜಿಯನ್ನು ಎರಡು ಸಲ ಓದಿ, "ಅಜ್ಜಿ, ಸೊಸೆ ಜೊತೆ ಏನಾದ್ರೂ ಜಗಳಾನಾ?" ಅಂದ. ನನಗೆ ಸೊಸೆಯೇ ಇಲ್ಲ, ಮೂವತ್ತನಾಲ್ಕು ವರ್ಷ ಇಂಥ ಚಾಕುಗಳನ್ನೇ ಜೋಡಿಸಿದವಳು ನಾನು ಎಂದೆ. ನಂಬಿದನೋ ಇಲ್ಲವೋ, ಸಹಿ ಹಾಕಿದ.

ಮೊದಲು ಹೆದ್ದಾರಿ ಪಕ್ಕದ ಅಂಗಡಿಗೆ ಹೋದೆ, ಬಸ್ಸಿನ ಪ್ರವಾಸಿಗಳು ಇಳಿಯುವ ಕಡೆ. ನಲವತ್ತೈದು ಯೂರೋ. ಹೊಳಪು ನೋಡಿದರೆ ಮದುಮಗನ ಶೂ! ತೆರೆದು ಅಲಗಿನ ತುದಿ ಹಿಡಿದು ಅಲುಗಿಸಿದೆ, ಸಡಿಲ ಹಲ್ಲಿನಂತೆ ಆಡಿತು. ಕೊಂಬು ಎಂದು ಬರೆದಿದ್ದರು, ಉಗುರಿನಿಂದ ಕೆರೆದರೆ ಪ್ಲಾಸ್ಟಿಕ್. ಆಮೇಲೆ ಚೌಕದ ಅಂಗಡಿ. ಅಲ್ಲಿ ನೂರಹತ್ತು. ಕೊಂಬೇನೋ ನಿಜವಾದದ್ದೇ. ಆದರೆ ಅದು ಲೋಹವನ್ನು ಸೇರುವಲ್ಲಿ ಬೆಳಕು ತೂರುತ್ತಿತ್ತು, ಮುಚ್ಚಿದಾಗ ಅಲಗು ಒಂದು ಪಕ್ಕಕ್ಕೆ ಒರಗಿಕೊಳ್ಳುತ್ತಿತ್ತು. ನಮ್ಮ ಕಾಲದಲ್ಲಿ ಕಾರ್ಖಾನೆಯ ಯಜಮಾನರು ಅಂಥದ್ದನ್ನು ಮತ್ತೆ ಮಾಡಿ ಎಂದು ನಮ್ಮ ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ಅಂಗಡಿಯ ಹುಡುಗಿಗೆ ಅದನ್ನೇ ಹೇಳಿದೆ. ಈಗ ಯಾರೂ ಅಷ್ಟು ನೋಡಲ್ಲ ಅಂದಳು. ಪಾಪ, ತಪ್ಪು ಅವಳದಲ್ಲ. ಆದರೆ ನೂರಹತ್ತು ಕೊಡುವವರು ಸಹ ನೋಡಬಾರದೇ?

ಹೋದ ವಾರದ ಹಿಂದಿನ ಭಾನುವಾರ ಪೊರ್ದೆನೋನೆಯಲ್ಲಿ ಸಂಗ್ರಹಕಾರರ ಕೂಟವಿತ್ತು. ನಾವಿಬ್ಬರೂ ಸೇರಿ ಹೋಗುತ್ತಿದ್ದೆವಲ್ಲ, ಅದೇ. ನೀನು ಗುಣ ನೋಡುತ್ತಿದ್ದೆ, ನಾನು ಬೆಲೆ ಇಳಿಸುತ್ತಿದ್ದೆ. ಒಬ್ಬಳೇ ಹೋದರೆ ಎರಡೂ ಕೆಲಸ ನನ್ನದೇ ಆಯಿತು, ಎರಡನ್ನೂ ಕೆಡಿಸಿಕೊಂಡೆ. ಬಾಗಿಲ ಹತ್ತಿರದ ಮೇಜಿನವನ ಹೆಸರು ವಿನೀಚೊ, ಉದಿನೆ ಕಡೆಯವನು, ನಲವತ್ತರ ಆಸುಪಾಸು. ನಾನು ಬಗ್ಗಿ ನೋಡುತ್ತಿದ್ದಂತೆ, "ಅಮ್ಮಾ, ಅಡುಗೆಮನೆ ಚಾಕು ಆ ಕೊನೇಲಿದೆ ನೋಡಿ," ಅಂದ. ಪಕ್ಕದಲ್ಲಿದ್ದ ಗಂಡಸರು ನಕ್ಕರು. ನಾನು ಐವತ್ತರ ದಶಕದ್ದೆಂದು ಚೀಟಿ ಅಂಟಿಸಿದ್ದ ಇಪ್ಪತ್ತೆಂಟರ ಒಂದು ಚಾಕು ಎತ್ತಿ, ಕಿವಿಯ ಹತ್ತಿರ ಹಿಡಿದು, ಹತ್ತು ಸಲ ತೆರೆದು ಮುಚ್ಚಿದೆ. ಏಳನೆಯ ಸಲಕ್ಕೆ ಸ್ಪ್ರಿಂಗಿನ ಸದ್ದು ಬದಲಾಯಿತು. "ಸ್ಪ್ರಿಂಗ್ ಆಮೇಲೆ ಹಾಕಿದ್ದು, ಐವತ್ತರ ದಶಕದ್ದಲ್ಲ," ಎಂದೆ. ಅವರ ನಗು ನಿಂತಿತು.

ಅದರ ಬೆಲೆ ಇನ್ನೂರ ನಲವತ್ತು. ಪಕ್ಕದಲ್ಲೇ ಅದೇ ಅಳತೆಯ ಇನ್ನೊಂದಿತ್ತು, ಮುನ್ನೂರ ಎಂಬತ್ತು. ಎರಡನೆಯದು ಹಳೆಯದಲ್ಲ, ಯಾವ ಕಾರ್ಖಾನೆಯ ಮುದ್ರೆಯೂ ಇಲ್ಲ. ಆದರೆ ಕೊಂಬು ಲೋಹಕ್ಕೆ ಕೂತ ಕಡೆ ಕೂದಲೂ ತೂರುತ್ತಿರಲಿಲ್ಲ. ತೆರೆದರೆ ಒಂದೇ ಸದ್ದು, ಕಡಿದ ಹಾಗೆ. ಅಲಗು ನಟ್ಟನಡುವೆ. ಗುಣವನ್ನೇ ನೋಡುವುದಾದರೆ ಅದನ್ನೇ ಕೊಳ್ಳಬೇಕಿತ್ತು, ನನ್ನ ಕೈಚೀಲದಲ್ಲಿ ನಾನೂರು ಇತ್ತು. ಕೊಳ್ಳಲಿಲ್ಲ. ಬೆಲೆ ಹೆಚ್ಚಾಯಿತು ಅಂತ ಸದ್ಯಕ್ಕೆ ಅಂದುಕೋ. ಸ್ಪ್ರಿಂಗ್ ಸರಿಯಿಲ್ಲವೆಂದು ನನ್ನ ಬಾಯಲ್ಲೇ ಹೇಳಿದ ಚಾಕುವನ್ನು ಕೊಂಡು ಮನೆಗೆ ಬಂದೆ. ಬುದ್ಧಿ ಇರುವವರು ಮಾಡುವ ಕೆಲಸವೇ ಇದು?

ಮೂರನೆಯ ದಿನ ಸ್ಪ್ರಿಂಗ್ ತುಂಡಾಯಿತು. ನಾನೇ ಹೊಸದು ಹಾಕೋಣವೆಂದು ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ಕೂತೆ. ದಿನಕ್ಕೆ ನಲವತ್ತು ಕೂರಿಸುತ್ತಿದ್ದ ಕೈ, ಅರ್ಮಿದಾ, ಒಂದನ್ನು ಹಿಡಿದು ಬಗ್ಗಿಸಲಾಗಲಿಲ್ಲ. ಹೆಬ್ಬೆರಳು ಒತ್ತಿದರೆ ಮೊಣಕೈವರೆಗೂ ಹರಿಯುವ ನೋವು. ಎರಡು ಸಲ ಸ್ಪ್ರಿಂಗ್ ಹಾರಿ ಒಲೆಯ ಹಿಂದೆ ಬಿತ್ತು. ಮೂರನೆಯ ಸಲ ನಾನು ಹುಡುಕಲಿಲ್ಲ, ಅಲ್ಲೇ ಕೂತು ಅತ್ತೆ. ಈಗ ಚಾಕು ಬಾಯಿ ತೆರೆದುಕೊಂಡೇ ಡ್ರಾಯರಿನಲ್ಲಿದೆ. ವಿನೀಚೊಗೆ ಫೋನು ಮಾಡಿದರೆ, ಕೊಳ್ಳುವಾಗಲೇ ನೀವೇ ಹೇಳಿದ್ದಿರಲ್ಲಮ್ಮ ಎಂದ.

ಉಳಿದ ಸುದ್ದಿ ಹೆಚ್ಚಿಲ್ಲ. ಹಳೇ ಕಾರ್ಖಾನೆಯ ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ಈ ವರ್ಷ ಅಣಬೆ ಚೆನ್ನಾಗಿ ಬಂದಿದೆ, ಒಣಗಿಸಿದ್ದನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಮಾತ್ರೆ ಮರೆಯಬೇಡ. ಕಾಲು ಬೆಚ್ಚಗಿಟ್ಟುಕೋ. ದೇವಮಾತೆ ನಿನ್ನನ್ನೂ ನಿನ್ನ ತಂಗಿಯನ್ನೂ ಚಳಿಗಾಲ ದಾಟಿಸಲಿ.

ನಿನ್ನ
ಇಲ್ವಾ

ಮ. ವಿ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದ್ದೆಲ್ಲ ಸುಳ್ಳಾಗುತ್ತದೆ.

ಆ ಮುನ್ನೂರ ಎಂಬತ್ತರ ಚಾಕು ನಾನು ಜೋಡಿಸಿದ್ದು. ಕಾರ್ಖಾನೆ ಬಿಡುವ ಕೊನೆಯ ವಾರ ನನಗಾಗಿ ಅಂತ ಮಾಡಿಕೊಂಡು, ನಿನ್ನ ಅರುವತ್ತನೆಯ ಹುಟ್ಟುಹಬ್ಬಕ್ಕೆ ನಿನಗೆ ಕೊಟ್ಟೆನಲ್ಲ, ಅದೇ. ಕೈಗೆ ತೆಗೆದುಕೊಂಡ ಕೂಡಲೇ ಗೊತ್ತಾಯಿತು. ಮುದ್ರೆಯಿಲ್ಲದ ಚಾಕುವಿಗೆ ಇಷ್ಟು ಬೆಲೆ ಯಾಕೆ ಎಂದು ಕೇಳಿದೆ. ವಿನೀಚೊ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಗೊರಿಜಿಯಾದ ಒಬ್ಬ ಹೆಂಗಸು ತಂದುಕೊಟ್ಟಿದ್ದಮ್ಮ. ಇದನ್ನ ಮಾಡಿದವಳು ಮನಿಯಾಗೊದ ಇಲ್ವಾ ತ್ರಮೊಂತಿನ್ ಅಂತೆ, ಅಂಥ ಕೈ ಇನ್ನೊಂದಿರಲಿಲ್ಲವಂತೆ. ಸತ್ತುಹೋದಳಂತೆ. ಇನ್ನು ಇಂಥದ್ದು ಎಲ್ಲಿ ಸಿಗುತ್ತೆ?"

ನಾನು ಇನ್ನೊಂದನ್ನು ಎತ್ತಿ ಹಣ ಕೊಟ್ಟೆ. ಪರವಾನಗಿಯಲ್ಲಿದ್ದ ಹೆಸರನ್ನು ಪುಸ್ತಕಕ್ಕೆ ಇಳಿಸುತ್ತಿದ್ದವನು ನಡುವೆ ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ಆ ಚಾಕುವಿನ ಚೀಟಿ ಕಿತ್ತು ಬೇರೆ ಬರೆದು ಅಂಟಿಸಿದ. ಇನ್ನೂರ ಅರುವತ್ತು. "ಬೇಜಾರು ಮಾಡ್ಕೋಬೇಡಿ ಅಮ್ಮ, ನೀವಿದ್ದೀರಲ್ಲ," ಅಂದ.

ಇನ್ನೂರ ಅರುವತ್ತಕ್ಕೂ ನಾನು ಅದನ್ನು ಕೊಳ್ಳಲಿಲ್ಲ. ಕೊಟ್ಟದ್ದನ್ನು ದುಡ್ಡು ಕೊಟ್ಟು ವಾಪಸು ತರುವುದು ನನ್ನಿಂದಾಗದು. ನಿನಗೆ ಏನು ಕಷ್ಟವಿತ್ತೋ ತಿಳಿಯದು, ಎಷ್ಟಕ್ಕೆ ಕೊಟ್ಟೆ ಎಂದೂ ಕೇಳುವುದಿಲ್ಲ. ಹೇಳಿದ್ದರೆ ಆ ನಾನೂರನ್ನೂ ನಿನಗೇ ಕಳಿಸುತ್ತಿದ್ದೆ. ಒಂದಕ್ಕೆ ಮಾತ್ರ ಉತ್ತರ ಬರೆ. ನಾನು ಸತ್ತೆ ಎಂದದ್ದು ಬೆಲೆ ಏರಲಿ ಎಂದೋ, ಅಥವಾ ನಿನ್ನ ಪಾಲಿಗೆ ನಿಜವಾಗಿಯೂ ಹಾಗೆಯೋ?