ಮೇಜಿನ ಮೇಲೆ ಮರೆತ ಪೆಟ್ಟಿಗೆ

ಮನೆಯಿಂದ,
ಹನ್ನೆರಡನೆಯ ತಾರೀಖು, ಬುಧವಾರ, ಬೆಳಿಗ್ಗೆ

ನನ್ನ ಮುದ್ದಿನ ಗುಬ್ಬೀ,

ಹೇಗಿದ್ದೀಯೆ? ಹೋಗುವಾಗ ಇದ್ದ ಕೆಮ್ಮು ನಿಂತಿತೇ? ಮೂರನೆಯ ಮಹಡಿಯ ನಿನ್ನ ಕೋಣೆಯಲ್ಲಿ ಗಾಳಿಯಾಡುವುದಿಲ್ಲವೆಂದು ನಿನ್ನ ಅಮ್ಮ ಗೊಣಗುತ್ತಲೇ ಇದ್ದಾಳೆ, ಕಿಟಕಿಯನ್ನು ತೆರೆದಿಡು. ನೀನು ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ವಿಚಾರಿಸುವ ನನ್ನ ಕಣ್ಣು ಈಗ ಸುಧಾರಿಸಿದೆ. ಶಸ್ತ್ರಚಿಕಿತ್ಸೆಯ ನಂತರ ಗೋಡೆಯ ಬಿರುಕುಗಳೂ ನೆರೆಯವರ ಮುಖದ ಅಸಮಾಧಾನವೂ ಬಹಳ ಸ್ಪಷ್ಟವಾಗಿ ಕಾಣುತ್ತಿವೆ. ಇಷ್ಟು ಕಾಣಬೇಕಾಗಿರಲಿಲ್ಲ.

ಹೋದ ಭಾನುವಾರ ನಡೆದುದನ್ನು ಮರೆತವನಂತೆ ನಟಿಸುತ್ತಾ ಬರೆಯುವುದು ನನ್ನಿಂದಾಗದು. ರೋಗಿಗಳ ಕಡೆಯವರಿಗಾಗಿ ನಿಮ್ಮ ಸಂಸ್ಥೆ ಆಸ್ಪತ್ರೆಯೆದುರು ನಡೆಸುತ್ತಿರುವ ತಂಗುಮನೆಗೆ ದೇಣಿಗೆ ಕೂಡಿಸುವ ನಿನ್ನ ಈ ಕೆಲಸವನ್ನು ಬಿಡಲೋ ಬೇಡವೋ ತಿಳಿಯದಾಗಿದೆ, ಹೆಚ್ಚಿನ ಸಂಬಳದ ಕಂಪನಿಯೊಂದು ಕರೆದಿದೆ, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು ಎಂದು ನೀನು ಹೇಳಿದೆ. “ಏನ್ ಮಾಡ್ಲಿ ತಾತಾ, ನೀನೇ ಹೇಳು” ಎಂದೆ. “ಕೈಯೊಡ್ಡೋ ಕೆಲಸ ಬಿಡೋಕೆ ಪಂಚಾಯ್ತಿ ಬೇರೆ ಬೇಕೇನೇ?” ಎಂದುಬಿಟ್ಟೆ ನಾನು. ಆರು ವರ್ಷಗಳಿಂದ ಅದೇ ಮಾತನ್ನು ನಾನಾ ಬಗೆಯಲ್ಲಿ ಆಡುತ್ತಾ ಬಂದವನು, ಅಂದು ನೇರವಾಗಿಯೇ ಆಡಿದೆ. ನೀನು ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟೆ. ಆ ಅವಸರದಲ್ಲಿ ನಿನ್ನ ಚೀಟಿಗಳ ತಗಡಿನ ಪೆಟ್ಟಿಗೆ ನನ್ನ ಮೇಜಿನ ಮೇಲೆಯೇ ಉಳಿಯಿತು.

ಅಂಚೆಗೆ ಹಾಕಲೆಂದೇ ಅದನ್ನು ಕೈಗೆತ್ತಿಕೊಂಡೆ. ಮುಚ್ಚಳ ಸಡಿಲವಾಗಿತ್ತು. ಇಲ್ಲ, ಸುಳ್ಳು ಬೇಡ, ನಾನೇ ತೆರೆದೆ. ಒಬ್ಬೊಬ್ಬ ದಾನಿಗೂ ಒಂದೊಂದು ಚೀಟಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಇದ್ದೀತೆಂದುಕೊಂಡಿದ್ದೆ, ಇದ್ದುದೇ ಬೇರೆ. ‘ಮಂಗಳವಾರ ಹೋಗಬೇಡ, ಮಗಳು ಬರುವ ದಿನ.’ ‘ಎಡಗಿವಿ ಕೇಳಿಸದು, ಬಲಕ್ಕೆ ಕುಳಿತುಕೊ.’ ‘ಬಾಗಿಲು ತೆರೆಯಲಿಲ್ಲ. ನಾಯಿ ಮಾತ್ರ ಬಹಳ ಒಳ್ಳೆಯದು.’ ಪ್ರತಿ ಚೀಟಿಯ ಕೊನೆಗೂ ‘ಕೇಳಬೇಕಾದದ್ದು’ ಎಂದೊಂದು ಸಾಲು. ಹೆಚ್ಚಿನವುಗಳಲ್ಲಿ ಅದರ ಮುಂದೆ ‘ಈಗಲೇ ಬೇಡ’. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಕೈ ಸುಮ್ಮನಿದ್ದೀತೇ? ಕೆಂಪು ಶಾಯಿಯಲ್ಲಿ ನಲವತ್ತು ಚೀಟಿಗಳನ್ನು ತಿದ್ದಿ ಮುಗಿಸಿದ ಮೇಲೆಯೇ, ಇವು ಅಚ್ಚಿಗೆ ಹೋಗುವವಲ್ಲವೆಂಬುದು ಹೊಳೆದದ್ದು. ಕ್ಷಮಿಸು. ಒಂದೆರಡು ಕಡೆ ನಿನ್ನ ಬರಹವೇ ಸರಿಯಾಗಿತ್ತು. ಅವನ್ನು ಮೊದಲಿನಂತೆಯೇ ಮಾಡಿದ್ದೇನೆ.

ನಲವತ್ತೊಂದನೆಯದು ನಮ್ಮ ಬೀದಿಯ ಗಡಿಯಾರ ರಿಪೇರಿಯವರದು. ಹೊತ್ತೆಷ್ಟೆಂದು ಕೇಳಿದರೆ ಹೇಳುವುದರಲ್ಲೂ ಜಿಪುಣತನ ತೋರುವ ಮನುಷ್ಯ! ಅದರಲ್ಲಿ, ‘ಹೆಂಡತಿಯ ವಿಷಯವನ್ನು ತಾವಾಗಿ ಎತ್ತುವವರೆಗೆ ಸುಮ್ಮನೆ ಕುಳಿತಿರು’ ಎಂದು ನೀನು ಬರೆದಿದ್ದೆ. ಊರಿಗೆ ಬಂದಾಗಲೆಲ್ಲ “ಒಂದು ಸುತ್ತು ಹೋಗಿ ಬರ್ತೀನಿ” ಎಂದು ನೀನು ಹೋಗುತ್ತಿದ್ದುದು ಅಲ್ಲಿಗೇ ಎಂಬುದು ನನಗೆ ತಿಳಿದಿರಲಿಲ್ಲ. ಮರುದಿನ, ಸರಿಯಾಗಿಯೇ ಓಡುತ್ತಿದ್ದ ನನ್ನ ಕೈಗಡಿಯಾರವನ್ನು ಹಿಡಿದು ಅವರ ಅಂಗಡಿಗೆ ಹೋದೆ. ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನು ತೆಗೆಯದೆಯೇ, “ಇದಕ್ಕೇನೂ ಆಗಿಲ್ಲ ಯಜಮಾನ್ರೇ, ಬಂದ ವಿಷಯ ಹೇಳಿ” ಎಂದರು. ಹೇಳಿದೆ. ಮಸೂರ ಕೆಳಗಿಳಿಯಿತು. “ನಿಮ್ಮ ಮೊಮ್ಮಗಳು ನಾಲ್ಕು ಸಲ ಬಂದ್ಲು. ಈಗ ಕೇಳ್ತಾಳೆ, ಈಗ ಕೇಳ್ತಾಳೆ ಅಂತ ನಾನೂ ಗಟ್ಟಿಯಾಗಿ ಕೂತಿದ್ದೆ. ಕೇಳಲೇ ಇಲ್ಲ ಮಹರಾಯ್ತಿ! ಐದನೇ ಸಲ ತಡೆಯೋಕಾಗದೆ ನಾನೇ ಕೇಳ್ದೆ, ಏನಮ್ಮಾ ನಿನಗೆ ಬೇಕಾಗಿರೋದು ಅಂತ.” ಅವರ ಹೆಂಡತಿ ನೀನಿರುವ ಊರಿನ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಅವರು ಹೊರಗಿನ ಮೆಟ್ಟಿಲ ಮೇಲೆ, ಬೂಟುಗಳನ್ನೇ ದಿಂಬು ಮಾಡಿಕೊಂಡು ಮಲಗಿದ್ದರಂತೆ. ಈಗ ತಂಗುಮನೆಯ ಒಂದು ಕೋಣೆಯ ಖರ್ಚಿನ ಹೊಣೆ ಅವರದು. “ನನ್ನಿಂದ ಯಾರೂ ಏನೂ ಕಿತ್ಕೊಂಡಿಲ್ಲ ಯಜಮಾನ್ರೇ. ನನ್ನಾಕೆ ಹೋದ್ಮೇಲೆ ಅವಳಿಗೋಸ್ಕರ ಮಾಡೋ ಕೆಲಸ ಒಂದೂ ಉಳಿದಿರಲಿಲ್ಲ. ಈಗ ಒಂದಿದೆ” ಎಂದರು. ನನ್ನ ಗಡಿಯಾರವನ್ನು ಒರೆಸಿ ಕೊಟ್ಟು, ಒರೆಸಿದ್ದಕ್ಕೂ ಕೂಲಿ ಪಡೆದರು.

ನಿನ್ನ ಕೆಲಸವನ್ನು ಕಣ್ಣಿಂದ ನೋಡದೆಯೇ ನಾನು ಅದಕ್ಕೊಂದು ಹೆಸರಿಟ್ಟುಬಿಟ್ಟಿದ್ದೆ. ದಣಿದಿದ್ದರೆ ಬಿಡು, ಹೆಚ್ಚಿನ ಸಂಬಳ ಬೇಕೆನಿಸಿದರೂ ಬಿಡು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ನನ್ನ ಮಾತಿಗಾಗಿ ಬಿಡಬೇಡ. ಆ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ.

ಅಮ್ಮ ನಿನ್ನನ್ನು ನೆನೆಯುತ್ತಿರುತ್ತಾಳೆ. ಅಪ್ಪ ಎಂದಿನಂತೆ ‘ಹೂಂ’ ಎಂದಿದ್ದಾನೆ, ಅದನ್ನೂ ಸ್ವೀಕರಿಸು. ನಿನಗೆ ಒಳ್ಳೆಯ ನಿದ್ರೆಯೂ ತಟ್ಟಿದೊಡನೆ ತೆರೆಯುವ ಬಾಗಿಲುಗಳೂ ದೊರೆಯಲಿ.

ನಿನ್ನ,
ತಾತ

ಲಕೋಟೆ ಅಂಟಿಸುವ ಮುನ್ನ: ಪೆಟ್ಟಿಗೆಯ ತಳದಲ್ಲಿ ‘ತಾತ’ ಎಂಬ ಚೀಟಿಯೂ ಒಂದಿತ್ತು. ‘ಮೊದಲು ಕಣ್ಣಿನ ವಿಚಾರ ಕೇಳು. ಸಿಟ್ಟು ಇಳಿದಿಲ್ಲ. ಕೇಳಬೇಕಾದದ್ದು: ಒಂದೇ ಒಂದು ಸಲ ಬಂದು ತಂಗುಮನೆ ನೋಡು ಅಂತ. ಈಗಲೇ ಬೇಡ.’ ಅದರಲ್ಲಿ ‘ಸಿಟ್ಟು ಇಳಿದಿಲ್ಲ’ ಎಂಬುದನ್ನೂ ‘ಈಗಲೇ ಬೇಡ’ ಎಂಬುದನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ. ಇಪ್ಪತ್ತೆರಡರ ಶನಿವಾರದ ಬಸ್ಸಿನಲ್ಲಿ ಗಡಿಯಾರದವರೂ ನಾನೂ ಹೊರಡುತ್ತೇವೆ. ಪೆಟ್ಟಿಗೆಯನ್ನು ನಾನೇ ತರುತ್ತೇನೆ. ಆದರೂ ನಿಲ್ದಾಣದಲ್ಲಿ ನನ್ನನ್ನು ಕಂಡೊಡನೆ ನೀನೊಮ್ಮೆ ಬಾಯಿಬಿಟ್ಟು ಕೇಳಬೇಕು, ಗುಬ್ಬೀ. ಈ ಸಲ ಕಣ್ಣಿನ ವಿಚಾರ ಬೇಡ.